ಹೊಟ್ಟೆ ಸೀಳು ಅಳಿಯದಂತೆ 212 ಎಂಬಿಯನ್ನು ಇಮೇಲ್‌ಗೆ ಇಳಿಸಿದ್ದು

ಅಮ್ಮನ ತವರಿನ ಜಮೀನಿನ ಕಾಗದಗಳೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು. ಪಾಲುಪಟ್ಟಿ, ಎರಡು ಕ್ರಯಪತ್ರ, ಪಹಣಿ ಮತ್ತು ಮ್ಯುಟೇಷನ್ ನಕಲುಗಳು, ಋಣಭಾರ ಪತ್ರ, ಸರ್ವೆ ಟಿಪ್ಪಣಿ, ನಕ್ಷೆಗಳು, ಎಲ್ಲ ಸೇರಿ 118 ಹಾಳೆ. ಪಾಲಿನ ದಾವೆ ಹೂಡುವ ಮೊದಲು ಇವನ್ನೆಲ್ಲ ಓದಬೇಕೆಂದು ಬೆಂಗಳೂರಿನ ವಕೀಲರು ಕೇಳಿದ್ದರು. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕುಳಿತು ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವ್‌ನಲ್ಲಿ ತಂದೆ. ಮನೆಯಲ್ಲಿ ತೆರೆದು ನೋಡಿದರೆ ಒಂದೇ ಪಿಡಿಎಫ್, ಗಾತ್ರ 212 ಎಂಬಿ.

ವಕೀಲರಿಗೆ ಫೋನ್ ಮಾಡಿದೆ. "ಲಿಂಕ್ ಕಳುಹಿಸಬೇಡಿ, ಇಮೇಲ್‌ಗೇ ಲಗತ್ತಿಸಿ. ನಮ್ಮಲ್ಲಿ 10 ಎಂಬಿ ದಾಟಿದ ಇಮೇಲ್ ಒಳಗೆ ಬರುವುದಿಲ್ಲ. ಬಂದದ್ದನ್ನು ಗುಮಾಸ್ತರು ಮುದ್ರಿಸಿ ಕಡತಕ್ಕೆ ಸೇರಿಸುತ್ತಾರೆ" ಎಂದರು. ಅವರ ಮಾತು ನನಗೆ ಸರಿಯೆನಿಸಿತು. ಲಿಂಕ್ ಇಂದು ತೆರೆದುಕೊಂಡರೆ ಮುಂದಿನ ವರ್ಷ ಅನುಮತಿ ಕೇಳುತ್ತದೆ. ವರ್ಷಗಟ್ಟಲೆ ನಡೆಯಬಹುದಾದ ದಾವೆಗೆ ಇಮೇಲ್‌ನಲ್ಲೇ ಉಳಿಯುವ ಪ್ರತಿಯೇ ವಾಸಿ. ತುಂಡು ತುಂಡಾಗಿ ಕಳುಹಿಸೋಣವೆಂದರೆ ಇಪ್ಪತ್ತಕ್ಕೂ ಹೆಚ್ಚು ಇಮೇಲ್ ಆಗುತ್ತದೆ. ಅವುಗಳಲ್ಲಿ ಒಂದು ತಪ್ಪಿಹೋದರೂ ಯಾವ ಹಾಳೆ ಹೋಯಿತೆಂದು ಹುಡುಕುವುದೇ ಕೆಲಸವಾಗುತ್ತದೆ.

ಫೈಲ್ ಏರಿಸಿದರೆ ಕುಗ್ಗಿಸಿ ಕೊಡುವ ಉಚಿತ ಜಾಲತಾಣಗಳು ಬೇಕಾದಷ್ಟಿವೆ. ನಾನು ಅವುಗಳ ಕಡೆ ತಿರುಗಲಿಲ್ಲ. ಈ ಕಟ್ಟಿನಲ್ಲಿ ಅಜ್ಜನ ಹೆಬ್ಬೆಟ್ಟಿನ ಗುರುತಿದೆ, ಮಾವಂದಿರ ಸಹಿಗಳಿವೆ, ಯಾರ ಪಾಲಿಗೆ ಎಷ್ಟು ಗುಂಟೆ ಎಂಬ ಲೆಕ್ಕವಿದೆ. ಎಲ್ಲಿದೆಯೆಂದೇ ತಿಳಿಯದ ಒಂದು ಕಂಪ್ಯೂಟರ್‌ಗೆ ಇದನ್ನು ಒಪ್ಪಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೆಲಸವೆಲ್ಲ ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಉಬುಂಟುವಿನಲ್ಲಿ ಉಚಿತವಾಗಿ ಸಿಗುವ ಸಲಕರಣೆಗಳಲ್ಲೇ ಆಗಬೇಕೆಂದು ನಿಶ್ಚಯಿಸಿಕೊಂಡೆ.

ಮೊದಲ ರಾತ್ರಿ

ಮೊದಲು ಜಿಪ್ ಮಾಡಿ ನೋಡಿದೆ. 212 ಇದ್ದದ್ದು 208 ಆಯಿತು. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಚಿತ್ರಗಳ ಕಟ್ಟು. ಒಳಗಿನ ಚಿತ್ರಗಳು ಆಗಲೇ ಜೆಪಿಇಜಿಯಲ್ಲೋ ಬೇರೊಂದು ಬಗೆಯಲ್ಲೋ ಹಿಂಡಿಹೋಗಿರುತ್ತವೆ. ಹಿಂಡಿದ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದರೆ ಎಷ್ಟು ನೀರು ಬಂದೀತು?

ಮುಂದಿನದು ಘೋಸ್ಟ್‌ಸ್ಕ್ರಿಪ್ಟ್. ಪಿಡಿಎಫ್ ಅನ್ನು ಓದಿ ಹೊಸದಾಗಿ ಬರೆದುಕೊಡುವ ಈ ತಂತ್ರಾಂಶದಲ್ಲಿ ಸಿದ್ಧ ಅಳತೆಗಳಿವೆ. 'ಸ್ಕ್ರೀನ್' ಎಂದರೆ ಬಣ್ಣದ ಚಿತ್ರಗಳನ್ನು 72 ಡಿಪಿಐಗೆ ಇಳಿಸುತ್ತದೆ, 'ಈಬುಕ್' ಎಂದರೆ 150ಕ್ಕೆ, 'ಪ್ರಿಂಟರ್' ಎಂದರೆ 300ಕ್ಕೆ. ಡಿಪಿಐ ಎಂದರೆ ಒಂದು ಅಂಗುಲದ ಉದ್ದಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ. 'ಸ್ಕ್ರೀನ್' ಆರಿಸಿ ಓಡಿಸಿದೆ. ಕೆಲವೇ ನಿಮಿಷಗಳಲ್ಲಿ 212 ಎಂಬಿ ಇದ್ದದ್ದು 6.3 ಎಂಬಿಗೆ ಬಂದು ನಿಂತಿತು. ಕೆಲಸ ಮುಗಿಯಿತೆಂದು ಹಿಗ್ಗಿ ಅಮ್ಮನನ್ನು ಕರೆದೆ.

ಅಮ್ಮ ಕನ್ನಡಕ ಹಾಕಿಕೊಂಡು ಪಾಲುಪಟ್ಟಿಯ ಪುಟವೊಂದನ್ನು ಓದಲು ಹೊರಟವಳು ಎರಡನೆಯ ಸಾಲಿನಲ್ಲೇ ನಿಂತಳು. "ಇದು ದನವೋ ಧನವೋ?" ಎಂದು ಕೇಳಿದಳು.

ಪುಟವನ್ನು ಹಿಗ್ಗಿಸಿ ನೋಡಿದೆ. ಆ ಪತ್ರದಲ್ಲಿ ಎರಡೂ ಪದಗಳಿವೆ. ಒಂದೆಡೆ ದನದ ಕೊಟ್ಟಿಗೆಯ ಪ್ರಸ್ತಾಪವಿದೆ, ಇನ್ನೊಂದೆಡೆ ಪರಿಹಾರ ಧನದ ಪ್ರಸ್ತಾಪ. ಪರದೆಯ ಮೇಲೆ ಎರಡೂ ಒಂದೇ ಆಗಿದ್ದವು. ಶಾಲೆಯಲ್ಲಿ ಮೇಷ್ಟರು ಹೊಟ್ಟೆ ಸೀಳು ಎನ್ನುತ್ತಿದ್ದ ಆ ಸಣ್ಣ ಗೀಟು ಮಾಯವಾಗಿತ್ತು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ, ಇಷ್ಟೂ ಜೋಡಿಗಳ ನಡುವಿನ ವ್ಯತ್ಯಾಸ ಆ ಗೀಟಿನಲ್ಲೇ ಇದೆ. ಕನ್ನಡ ಅಂಕಿಗಳ ಪಾಡೂ ಅದೇ ಆಗಿತ್ತು. ಹಳೆಯ ಕೈಬರಹದಲ್ಲಿ ೬ ಮತ್ತು ೯ ತುದಿಯ ಕೊಕ್ಕೆಯಿಂದಷ್ಟೇ ಬೇರೆಯಾಗಿ ಕಾಣುತ್ತವೆ. ಆ ಕೊಕ್ಕೆ ಕರಗಿಹೋದರೆ ಆರು ಗುಂಟೆ ಒಂಬತ್ತು ಗುಂಟೆಯಾಗುತ್ತದೆ.

ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಅಚ್ಚಿನ ಸಣ್ಣ ಅಕ್ಷರದ ಗೀಟಿನ ದಪ್ಪ ಸುಮಾರು ಕಾಲು ಮಿಲಿಮೀಟರ್. ಅಂಗುಲಕ್ಕೆ 25.4 ಮಿಲಿಮೀಟರ್. 300 ಡಿಪಿಐನಲ್ಲಿ ಆ ಗೀಟಿಗೆ ಮೂರು ಚುಕ್ಕೆ ಸಿಗುತ್ತವೆ, 200ರಲ್ಲಿ ಎರಡು, 150ರಲ್ಲಿ ಒಂದೂವರೆ. 72ರಲ್ಲಿ ಒಂದು ಪೂರ್ತಿ ಚುಕ್ಕೆಯೂ ಸಿಗುವುದಿಲ್ಲ. ಅಷ್ಟು ಸಣ್ಣದನ್ನು ಕಂಪ್ಯೂಟರ್ ಅಕ್ಕಪಕ್ಕದ ಬಿಳುಪಿನ ಜೊತೆ ಕಲಸಿ ಬೂದು ಮಾಡಿಬಿಡುತ್ತದೆ. ಇಂಗ್ಲಿಷ್ ಪತ್ರಕ್ಕೆ ಸಾಕಾಗುವ ಅಳತೆ ಕನ್ನಡಕ್ಕೆ ಸಾಲದು. ನಮ್ಮ ಲಿಪಿಯಲ್ಲಿ ಅರ್ಥ ತೀರಾ ಸಣ್ಣ ಸಣ್ಣ ಜಾಗಗಳಲ್ಲಿ ಕುಳಿತಿರುತ್ತದೆ: ಒತ್ತಕ್ಷರಗಳಲ್ಲಿ, ದೀರ್ಘದ ಕೊಂಬಿನಲ್ಲಿ, ಈ ಸೀಳಿನಲ್ಲಿ.

ಅಂದಿನಿಂದ ಇದೇ ನನ್ನ ಪರೀಕ್ಷೆಯಾಯಿತು. ಯಾವ ಅಳತೆ ಹಾಕಿದರೂ ಮೊದಲು ಆ ಪುಟ ತೆರೆದು ಧ ಅಕ್ಷರ ನೋಡುವುದು. ಸೀಳು ಕಂಡರೆ ಮುಂದಕ್ಕೆ ಹೋಗುವುದು, ಕಾಣದಿದ್ದರೆ ಆ ಫೈಲನ್ನು ಅಳಿಸುವುದು.

ಅದೇ ರಾತ್ರಿ 'ಈಬುಕ್' ಅಳತೆಯಲ್ಲೂ ಓಡಿಸಿದೆ. ಸೀಳು ಮಸುಕಾಗಿಯಾದರೂ ಉಳಿದಿತ್ತು. ಆದರೆ ಗಾತ್ರ 21.4 ಎಂಬಿ.

ಒಳಗೆ ಏನಿದೆ ಎಂದು ನೋಡಿದ್ದು

ಮರುದಿನ ಬೆಳಿಗ್ಗೆ ಮಾಡಿದ ಕೆಲಸವನ್ನು ಹಿಂದಿನ ರಾತ್ರಿಯೇ ಮಾಡಬೇಕಿತ್ತು. ಪಾಪ್ಲರ್ ಎಂಬ ಸಲಕರಣೆಗಳ ಗುಂಪಿನಲ್ಲಿ ಪಿಡಿಎಫ್‌ಇಮೇಜಸ್ ಎಂಬುದೊಂದಿದೆ. ಪಟ್ಟಿ ಕೊಡು ಎಂದು ಕೇಳಿದರೆ ಪಿಡಿಎಫ್‌ನ ಪ್ರತಿ ಪುಟದಲ್ಲಿರುವ ಚಿತ್ರದ ಅಗಲ, ಎತ್ತರ, ಬಣ್ಣವೋ ಬೂದೋ, ಎಷ್ಟು ಡಿಪಿಐ, ಯಾವ ಬಗೆಯಲ್ಲಿ ಹಿಂಡಲಾಗಿದೆ, ಎಷ್ಟು ಜಾಗ ತಿಂದಿದೆ ಎಂಬುದನ್ನು ಸಾಲಾಗಿ ತೋರಿಸುತ್ತದೆ.

ಪಟ್ಟಿ ನೋಡುತ್ತಿದ್ದಂತೆ ನನ್ನ ಫೈಲ್‌ನಲ್ಲಿ ಮೂರು ಜಾತಿಯ ಹಾಳೆಗಳಿರುವುದು ಗೊತ್ತಾಯಿತು. ಅಂಗಡಿಯಲ್ಲಿ ಮೂರನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿದ್ದರು. 81 ಹಾಳೆಗಳು ಅಚ್ಚಿನವು ಅಥವಾ ಬೆರಳಚ್ಚಿನವು. ಪಹಣಿ, ಮ್ಯುಟೇಷನ್, ಋಣಭಾರ ಪತ್ರ ಇವೆಲ್ಲ ಬಿಳಿಯ ಮೇಲೆ ಕಪ್ಪು, ಬೇರೆ ಬಣ್ಣವೇ ಇಲ್ಲ. ಆದರೂ 300 ಡಿಪಿಐ ಬಣ್ಣದ ಜೆಪಿಇಜಿಗಳು, ಒಟ್ಟು 113 ಎಂಬಿ. ಇನ್ನು 31 ಹಾಳೆಗಳು ಹಳೆಯ ಛಾಪಾ ಕಾಗದದ ಮೇಲಿನ ಕೈಬರಹ. ನೀಲಿ ಸಹಿ, ನೇರಳೆ ಮೊಹರು, ಹೆಬ್ಬೆಟ್ಟಿನ ಗುರುತುಗಳಿರುವ ಇವು 53 ಎಂಬಿ. ಉಳಿದ ಆರು ಹಾಳೆ ನಕ್ಷೆ ಮತ್ತು ಟಿಪ್ಪಣಿ. ಇವನ್ನು 600 ಡಿಪಿಐನಲ್ಲಿ, ಜೆಪಿಇಜಿಯೂ ಅಲ್ಲದೆ, ಒಂದು ಚುಕ್ಕೆಯೂ ನಷ್ಟವಾಗದ ಬಗೆಯಲ್ಲಿ ತುಂಬಿಸಿಟ್ಟಿದ್ದರು. ಆರು ಹಾಳೆಗೆ 46 ಎಂಬಿ!

ಒಂದೇ ಅಳತೆಯನ್ನು ಮೂರಕ್ಕೂ ಹಾಕಿದ್ದೇ ನನ್ನ ತಪ್ಪಾಗಿತ್ತು. ಪಹಣಿಗೆ ಬಣ್ಣ ಬೇಡ, ಆದರೆ ಚುಕ್ಕೆಗಳು ಬೇಕು. ಮೊಹರಿಗೆ ಅಷ್ಟು ಚುಕ್ಕೆ ಬೇಡ, ಬಣ್ಣ ಬೇಕು. ನಕ್ಷೆಗೆ ಕೂದಲೆಳೆಯಂಥ ಗೆರೆ ಬೇಕು, ಆದರೆ ನಾಲ್ಕೈದೇ ಬಣ್ಣ ಸಾಕು.

ಎಲ್ಲ ಪುಟಗಳನ್ನೂ ಬಿಡಿ ಚಿತ್ರಗಳಾಗಿ ಹೊರತೆಗೆದು 001ರಿಂದ 118ರವರೆಗೆ ಮೂರಂಕಿಯ ಹೆಸರು ಕೊಟ್ಟೆ. ಸೊನ್ನೆ ಸೇರಿಸದೆ ಬರಿಯ 1, 2 ಎಂದು ಹೆಸರಿಟ್ಟರೆ ಮತ್ತೆ ಜೋಡಿಸುವಾಗ 2ಕ್ಕಿಂತ ಮೊದಲು 10 ಬಂದು ಕುಳಿತುಕೊಳ್ಳುತ್ತದೆ. ಆಮೇಲೆ ಮೂರು ಫೋಲ್ಡರ್‌ಗಳಿಗೆ ಹಂಚಿದೆ.

ಅಚ್ಚಿನ ಹಾಳೆಗಳು

ಎ4 ಹಾಳೆಯೊಂದು 300 ಡಿಪಿಐನಲ್ಲಿ 2480 ಅಡ್ಡ, 3508 ಉದ್ದ, ಅಂದರೆ ಸುಮಾರು 87 ಲಕ್ಷ ಚುಕ್ಕೆ. ಬಣ್ಣದಲ್ಲಿ ಪ್ರತಿ ಚುಕ್ಕೆಗೆ ಮೂರು ಬೈಟ್ ಬೇಕು. ಹಿಂಡದೆ ಇಟ್ಟರೆ ಪುಟವೊಂದಕ್ಕೆ 26 ಎಂಬಿ. ಅದೇ ಹಾಳೆಯನ್ನು ಕಪ್ಪು ಅಥವಾ ಬಿಳಿ, ಎರಡೇ ಬಗೆಯ ಚುಕ್ಕೆಗಳಾಗಿ ಮಾಡಿದರೆ ಪ್ರತಿ ಚುಕ್ಕೆಗೆ ಒಂದೇ ಬಿಟ್ ಸಾಕು, 1.1 ಎಂಬಿ ಆಗುತ್ತದೆ. ಅದರ ಮೇಲೆ ಫ್ಯಾಕ್ಸ್ ಕಾಲದ ಗ್ರೂಪ್ 4 ಎಂಬ ಹಿಂಡುವ ಬಗೆ ಹಾಕಿದರೆ 40–50 ಕೆಬಿಗೆ ಇಳಿಯುತ್ತದೆ. ಇದರಲ್ಲಿ ನಷ್ಟ ಎಂಬುದೇ ಇಲ್ಲ. ಇಟ್ಟ ಚುಕ್ಕೆಗಳೆಲ್ಲ ಇಟ್ಟ ಹಾಗೆಯೇ ಹಿಂದಕ್ಕೆ ಸಿಗುತ್ತವೆ. ಹಾಗಾಗಿ 300 ಡಿಪಿಐ ಬಿಟ್ಟುಕೊಡದೆ ಸೀಳನ್ನು ಉಳಿಸಿಕೊಂಡೆ.

ಯಾವ ಚುಕ್ಕೆ ಕಪ್ಪು, ಯಾವುದು ಬಿಳಿ ಎಂದು ನಿರ್ಧರಿಸುವ ಹಂತದಲ್ಲಿ ಮಾತ್ರ ಎಚ್ಚರ ಬೇಕು. ಮೊದಲು ಚಿತ್ರಗಳನ್ನು ತಿದ್ದುವ ಇಮೇಜ್‌ಮ್ಯಾಜಿಕ್ ಎಂಬ ಸಲಕರಣೆಯಲ್ಲಿ ಅರ್ಧಕ್ಕಿಂತ ಕಡು ಇದ್ದದ್ದೆಲ್ಲ ಕಪ್ಪು ಎಂಬ ಒಂದೇ ಗಡಿ ಹಾಕಿದೆ. ಹೊಸ ಹಾಳೆಗಳು ಚೆನ್ನಾಗಿ ಬಂದವು. ಹಳದಿಯಾದ ಹಾಳೆಗಳಲ್ಲಿ ಮಡಿಕೆಯ ನೆರಳೆಲ್ಲ ಕಪ್ಪು ಪಟ್ಟಿಯಾಗಿ ಅಕ್ಷರಗಳನ್ನು ನುಂಗಿತು. ಆಗ ಸ್ಕ್ಯಾನ್‌ಟೇಲರ್ ಬಳಸಿದೆ. ವಾರೆಯಾದ ಪುಟವನ್ನು ನೆಟ್ಟಗೆ ಮಾಡಿ, ಅಂಚಿನ ಕಪ್ಪನ್ನು ಕತ್ತರಿಸಿ, ಪುಟದ ಪ್ರತಿ ಭಾಗಕ್ಕೂ ಅದರ ಸುತ್ತಲಿನ ಬಿಳುಪಿಗೆ ತಕ್ಕ ಗಡಿಯನ್ನು ಹಾಕುವ ಅನುಕೂಲ ಅದರಲ್ಲಿದೆ. ಮಡಿಕೆಯ ನೆರಳಿನಲ್ಲಿ ಒಂದು ಗಡಿ, ಬಯಲಿನಲ್ಲಿ ಇನ್ನೊಂದು. 81 ಪುಟಗಳನ್ನು ಒಂದೊಂದಾಗಿ ನೋಡಿ ಸರಿಪಡಿಸಲು ಮೂರು ಗಂಟೆ ಹಿಡಿಯಿತು. ಈ ಇಡೀ ಕೆಲಸದಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟ ಮೂರು ಗಂಟೆ ಅದೇ.

ಅಲ್ಲೊಂದು ಅಪಾಯವಿತ್ತು. ಧೂಳಿನ ಕಲೆಗಳನ್ನು ತಾನಾಗಿ ಅಳಿಸುವ ಆಯ್ಕೆ ಅದರಲ್ಲಿ ಚಾಲ್ತಿಯಲ್ಲಿತ್ತು. ಪುಟಗಳು ಮುತ್ತಿನಂತೆ ಶುಭ್ರವಾಗಿ ಬಂದವು. ಆದರೆ ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆಗಳ ನಡುವೆ ಚುಕ್ಕೆ ಇಟ್ಟು ಬರೆದಿರುತ್ತಾರೆ. 2.18 ಎಂದರೆ ಎರಡು ಎಕರೆ ಹದಿನೆಂಟು ಗುಂಟೆ. ನಕಲಿನ ನಕಲಾಗಿದ್ದ ಕೆಲವು ಪಹಣಿಗಳಲ್ಲಿ ಆ ಚುಕ್ಕೆಯನ್ನೂ ಧೂಳೆಂದು ತಿಳಿದು ಅಳಿಸಿಬಿಟ್ಟಿತ್ತು. 2 18 ಎಂದು ಉಳಿದಿತ್ತು, ಒಂದು ಕಡೆಯಂತೂ ಎರಡೂ ಅಂಟಿಕೊಂಡಂತೆ 218 ಎಂದೇ ಓದಬಹುದಿತ್ತು. ಆ ಆಯ್ಕೆಯನ್ನು ತೆಗೆದುಹಾಕಿ 81 ಪುಟಗಳನ್ನೂ ಮತ್ತೆ ಹೊರತೆಗೆದೆ. ಧೂಳಿನ ಕಲೆಗಳು ಉಳಿದರೆ ಉಳಿಯಲಿ. ಜಮೀನಿನ ಕಾಗದದಲ್ಲಿ ಒಂದು ಚುಕ್ಕೆಯನ್ನು ಅಳಿಸುವ ಹಕ್ಕು ಯಾವ ತಂತ್ರಾಂಶಕ್ಕೂ ಇಲ್ಲ.

ಒಟ್ಟು 3.6 ಎಂಬಿ. 113 ಎಂಬಿ ಇದ್ದ ರಾಶಿ!

ಮೊಹರಿನ ಹಾಳೆಗಳು

ಇವುಗಳಿಗೆ 220 ಡಿಪಿಐ ಸಾಕೆಂದು ಅಂದಾಜು ಮಾಡಿ ಘೋಸ್ಟ್‌ಸ್ಕ್ರಿಪ್ಟ್‌ಗೆ ಹೇಳಿದೆ. ಗಾತ್ರ ಕದಲಲೇ ಇಲ್ಲ, 53 ಇದ್ದದ್ದು 53 ಆಗಿಯೇ ಉಳಿಯಿತು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ಚಿತ್ರದ ಡಿಪಿಐ ನಾವು ಕೇಳಿದ್ದರ ಒಂದೂವರೆ ಪಟ್ಟನ್ನು ದಾಟಿದ್ದರೆ ಮಾತ್ರ ಅದು ಇಳಿಸುತ್ತದೆ, ಇಲ್ಲವಾದರೆ ಇದ್ದ ಜೆಪಿಇಜಿಯನ್ನೇ ಹಾಗೆಯೇ ದಾಟಿಸಿಬಿಡುತ್ತದೆ. 220ರ ಒಂದೂವರೆ ಪಟ್ಟು 330. ನನ್ನ ಚಿತ್ರಗಳು 300ರವು. ಆ ಮಿತಿಯನ್ನು 1ಕ್ಕೆ ಇಳಿಸಿದಾಗ ಕೆಲಸ ಮಾಡಿತು, ಆದರೆ 31 ಪುಟಕ್ಕೆ 8 ಎಂಬಿ ಆಯಿತು. ಕೈಬರಹದ ಅಕ್ಷರಗಳು ದೊಡ್ಡವು, ಶಾಯಿಯ ಗೀಟು ಅಚ್ಚಿನ ಗೀಟಿಗಿಂತ ದಪ್ಪ. ಆದ್ದರಿಂದ 150ಕ್ಕೆ ಇಳಿಸಿ ಸೀಳಿನ ಪರೀಕ್ಷೆ ಮಾಡಿದೆ. ಪಾಸಾಯಿತು. 4.5 ಎಂಬಿ.

ಅಕ್ಷರಗಳನ್ನು ಒಂದು ಪದರವಾಗಿ ಕಪ್ಪು ಬಿಳುಪಿನಲ್ಲಿಟ್ಟು, ಹಿನ್ನೆಲೆಯ ಬಣ್ಣವನ್ನು ಕಡಿಮೆ ಚುಕ್ಕೆಗಳ ಇನ್ನೊಂದು ಪದರವಾಗಿ ಇಡುವ ಉಪಾಯವೂ ಉಂಟು. ಒಂದು ಪುಟಕ್ಕೆ ಮಾಡಿ ನೋಡಿದೆ. ಮೊಹರಿನ ಮೇಲೆ ಸಹಿ ಹಾದುಹೋಗುವ ಕಡೆಯಲ್ಲಿ ಸಹಿ ತುಂಡು ತುಂಡಾಯಿತು. ಸಹಿಯನ್ನೇ ಪ್ರಶ್ನಿಸಬಹುದಾದ ದಾವೆಯಲ್ಲಿ ಹಾಗಾಗಬಾರದೆಂದು ಕೈಬಿಟ್ಟೆ.

ನಕ್ಷೆಗಳು

ಇವು ಬೇಗ ಮುಗಿದವು. ಜೆಪಿಇಜಿ ಫೋಟೊಗಳಿಗೆ ಹೇಳಿ ಮಾಡಿಸಿದ್ದು. ಸಣ್ಣ ಗೆರೆಗಳ ಸುತ್ತ ಅದು ಸೊಳ್ಳೆ ಮುತ್ತಿದ ಹಾಗೆ ಕಲೆ ಎಬ್ಬಿಸುತ್ತದೆ. ಹಾಗಾಗಿ 200 ಡಿಪಿಐಗೆ ಇಳಿಸಿ, ಪಿಎನ್‌ಜಿಕ್ವಾಂಟ್‌ನಲ್ಲಿ 16 ಬಣ್ಣಗಳಿಗೆ ಮಿತಿಗೊಳಿಸಿ, ಚುಕ್ಕೆ ನಷ್ಟವಾಗದ ಪಿಎನ್‌ಜಿ ಬಗೆಯಲ್ಲಿ ಇಟ್ಟೆ. ಗೆರೆ ಗೆರೆಯಾಗಿಯೇ ಉಳಿಯಿತು, ಕೆಂಪು ಶಾಯಿಯ ಅಳತೆಗಳು ಕೆಂಪಾಗಿಯೇ ಉಳಿದವು. ಆರಕ್ಕೆ 0.8 ಎಂಬಿ.

ಜೋಡಿಸಿದ್ದು, ವಾಪಸು ಬಂದದ್ದು

ಚಿತ್ರಗಳನ್ನು ಮತ್ತೆ ಹಿಂಡದೆ, ಇದ್ದ ಹಾಗೆಯೇ ಪಿಡಿಎಫ್ ಪುಟಗಳಾಗಿಸುವ ಕೆಲಸವನ್ನು ಇಮೇಜ್‌2ಪಿಡಿಎಫ್ ಮಾಡಿತು. ಪುಟಗಳನ್ನು ಮೂಲದ ಕ್ರಮದಲ್ಲಿ ಕಟ್ಟಿದ್ದು ಕ್ಯೂಪಿಡಿಎಫ್. ಕೊನೆಗೆ ಘೋಸ್ಟ್‌ಸ್ಕ್ರಿಪ್ಟ್‌ನಿಂದ ಇನ್ನೊಮ್ಮೆ ಹಾಯಿಸುವ ಆಸೆಯನ್ನು ತಡೆದುಕೊಳ್ಳಬೇಕು. ಕಷ್ಟಪಟ್ಟು ಮಾಡಿದ ನಕ್ಷೆಗಳನ್ನು ಅದು ಮತ್ತೆ ಜೆಪಿಇಜಿ ಮಾಡಿಬಿಡಬಹುದು.

ಒಟ್ಟು 8.9 ಎಂಬಿ. ಮಿತಿ 10. ಕಳುಹಿಸಿದೆ. ಎರಡು ನಿಮಿಷದಲ್ಲಿ ವಾಪಸು ಬಂತು, ಸಂದೇಶದ ಗಾತ್ರ ಮಿತಿ ಮೀರಿದೆಯೆಂದು.

ಇಮೇಲ್ ಹುಟ್ಟಿದ್ದು ಬರಿಯ ಅಕ್ಷರಗಳನ್ನು ಸಾಗಿಸಲು. ಚಿತ್ರವಾಗಲಿ ಪಿಡಿಎಫ್ ಆಗಲಿ ಅದರಲ್ಲಿ ಹೋಗಬೇಕಾದರೆ ಮೊದಲು ಅಕ್ಷರಗಳ ವೇಷ ತೊಡಬೇಕು. 1992ರ ಮೈಮ್ ನಿಯಮಗಳು ಅದಕ್ಕೆ ಬೇಸ್64 ಎಂಬ ದಾರಿ ಮಾಡಿಕೊಟ್ಟವು. ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರಗಳಾಗಿ ಬರೆಯುವುದು, 76 ಅಕ್ಷರಕ್ಕೊಮ್ಮೆ ಸಾಲು ಮುರಿಯುವುದು. ಸಾಲು ಮುರಿಯುವ ಗುರುತುಗಳೂ ಸೇರಿ ಫೈಲ್ ಸುಮಾರು 1.37 ಪಟ್ಟು ಉಬ್ಬುತ್ತದೆ. ನನ್ನ 8.9 ದಾರಿಯಲ್ಲಿ 12.2 ಆಗಿತ್ತು. 10 ಎಂಬಿಯ ಬಾಗಿಲಿನಲ್ಲಿ ತೂರಬೇಕಾದರೆ ಫೈಲ್ 7.3 ಎಂಬಿಯೊಳಗಿರಬೇಕು. ಇಮೇಲ್ ಮಿತಿ ಎಷ್ಟೇ ಇರಲಿ, ಅದರ ಮುಕ್ಕಾಲು ಭಾಗಕ್ಕಿಂತ ತುಸು ಕಡಿಮೆಯೇ ನಮ್ಮ ಪಾಲು ಎಂದು ಇಟ್ಟುಕೊಂಡರೆ ಪೆಟ್ಟು ತಿನ್ನುವುದಿಲ್ಲ.

ಇನ್ನೂ ಎರಡು ಎಂಬಿ ತೆಗೆಯಬೇಕಿತ್ತು.

ಅಚ್ಚಿನ ಪುಟಗಳಿಗೆ ಗ್ರೂಪ್ 4ಕ್ಕಿಂತ ಚೆನ್ನಾಗಿ ಹಿಂಡುವ ಜೆಬಿಗ್2 ಎಂಬ ಬಗೆಯಿದೆ. ಅದನ್ನು ಬಳಸುವ ಮುನ್ನ ತುಂಬ ಯೋಚಿಸಿದೆ. 2013ರಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್, ಜೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರಗಳು ಕಟ್ಟಡದ ನಕ್ಷೆಯೊಂದರಲ್ಲಿ ಅಂಕಿಗಳನ್ನೇ ಬದಲಿಸುತ್ತಿರುವುದನ್ನು ತೋರಿಸಿದರು. 21.11 ಚದರ ಮೀಟರ್ ಎಂದು ಬರೆದಿದ್ದ ಕೋಣೆ ಸ್ಕ್ಯಾನ್ ಆದ ಮೇಲೆ 14.13 ಆಗಿತ್ತು. ಬೇರೆ ಪುಟಗಳಲ್ಲಿ 6 ಇದ್ದ ಕಡೆ 8 ಬರುತ್ತಿತ್ತು. ಜೆಬಿಗ್2ರಲ್ಲಿ ನೋಡಲು ಒಂದೇ ತೆರನಾದ ಆಕಾರಗಳನ್ನು ಒಮ್ಮೆ ಮಾತ್ರ ಇಟ್ಟುಕೊಂಡು ಎಲ್ಲೆಡೆ ಅದನ್ನೇ ಒತ್ತುವ ವಿಧಾನವೊಂದಿದೆ. ಅಚ್ಚಿನ ಮೊಳೆಯಂತೆ. ಮಸುಕಾದ 6 ಮತ್ತು 8 ಒಂದೇ ಎಂದು ಅದು ತಪ್ಪು ತಿಳಿದರೆ ಒತ್ತುವುದು ತಪ್ಪು ಮೊಳೆಯನ್ನು. ಅಕ್ಷರ ಮಸುಕಾಗಿದ್ದರೆ ಓದುವವನಿಗೆ ಅನುಮಾನವಾದರೂ ಬರುತ್ತದೆ. ಇಲ್ಲಿ ಸ್ಪಷ್ಟವಾಗಿ, ಚೊಕ್ಕವಾಗಿ ತಪ್ಪು ಅಂಕಿ ಕುಳಿತಿರುತ್ತದೆ. ಸರ್ವೆ ನಂಬರಿನಲ್ಲಿ ಹಾಗಾದರೆ ಬೇರೆಯವರ ಹೊಲಕ್ಕೆ ದಾವೆ ಹೂಡಿದಂತೆ. ಕನ್ನಡದ ದ ಮತ್ತು ಧ ಅದರ ಕೈಗೆ ಸಿಕ್ಕರೆ ಏನಾದೀತೆಂದು ನೆನೆದರೇ ಭಯವಾಯಿತು.

ಅದೇ ಜೆಬಿಗ್2ರಲ್ಲಿ ಆಕಾರಗಳನ್ನು ಹೋಲಿಸದೆ, ಚುಕ್ಕೆಗಳನ್ನು ಇದ್ದ ಹಾಗೆಯೇ ನಷ್ಟವಿಲ್ಲದೆ ಹಿಂಡುವ ಇನ್ನೊಂದು ವಿಧಾನವೂ ಇದೆ. ಓಸಿಆರ್‌ಮೈಪಿಡಿಎಫ್ ಎಂಬ ಸಲಕರಣೆ ಬಳಸುವುದು ಅದನ್ನೇ. ದೀರ್ಘಕಾಲ ಕಾಪಿಡಲೆಂದಿರುವ ಪಿಡಿಎಫ್/ಎ ಬಗೆ ಬೇಡ, ಸಾಮಾನ್ಯ ಪಿಡಿಎಫ್ ಸಾಕು ಎಂದು ಹೇಳಿ 81 ಪುಟಗಳನ್ನು ಅದರಲ್ಲಿ ಹಾಯಿಸಿದೆ. ಆದರೂ ನಂಬದೆ, ಹೊರಬಂದ ಪುಟಗಳನ್ನು ಮತ್ತೆ ಚಿತ್ರಗಳಾಗಿ ತೆಗೆದು ಹಳೆಯವುಗಳ ಜೊತೆ ಇಮೇಜ್‌ಮ್ಯಾಜಿಕ್‌ನಲ್ಲಿ ಹೋಲಿಸಿದೆ. ಬೇರೆಯಾದ ಚುಕ್ಕೆಗಳ ಸಂಖ್ಯೆ ಪ್ರತಿ ಪುಟಕ್ಕೂ ಸೊನ್ನೆ ಬಂತು. 3.6 ಎಂಬಿ 2.7ಕ್ಕೆ ಇಳಿಯಿತು. ಜೊತೆಗೆ ಟೆಸೆರ್ಯಾಕ್ಟ್ ಕನ್ನಡ ಅಕ್ಷರಗಳನ್ನು ಗುರುತಿಸಿ ಚಿತ್ರದ ಹಿಂದೆ ಕಾಣದ ಪಠ್ಯವಾಗಿ ಸೇರಿಸಿತು. ಇದರಿಂದ ಹೆಚ್ಚಾದದ್ದು 0.1 ಎಂಬಿ ಮಾತ್ರ. ಗುರುತಿಸುವಿಕೆ ಅಲ್ಲಲ್ಲಿ ತಪ್ಪುತ್ತದೆ, ಆದರೆ ಊರಿನ ಹೆಸರು ಹಾಕಿ ಹುಡುಕಿದರೆ ಬಹುಪಾಲು ಪುಟಗಳು ಸಿಗುತ್ತವೆ. ಗುಮಾಸ್ತರಿಗೆ ಅಷ್ಟು ನೆರವಾದರೂ ಆಗಲಿ ಎಂದು ಇಟ್ಟೆ.

ಪೆನ್ಸಿಲ್ ಗೀಟು

ಉಳಿದದ್ದು ಮೊಹರಿನ ಹಾಳೆಗಳು. ಜೆಪಿಇಜಿಯಲ್ಲಿ ಜಾಗ ತಿನ್ನುವುದು ಅಕ್ಷರಗಳಿಗಿಂತ ಹೆಚ್ಚಾಗಿ ಹಳೆಯ ಕಾಗದದ ಒರಟುತನ. ಹಳದಿ ಮೇಲ್ಮೈಯ ಪ್ರತಿ ನಾರನ್ನೂ ಅದು ಶ್ರದ್ಧೆಯಿಂದ ಬಣ್ಣಿಸುತ್ತ ಕೂರುತ್ತದೆ. ಇಮೇಜ್‌ಮ್ಯಾಜಿಕ್‌ನಲ್ಲಿ ಶೇಕಡಾ 80ಕ್ಕಿಂತ ತಿಳಿಯಾದದ್ದೆಲ್ಲ ಪೂರ್ತಿ ಬಿಳಿ ಎಂದು ಹಿಗ್ಗಿಸಿದೆ. ಕಾಗದ ಹೊಸದರಂತಾಯಿತು, ಮೊಹರು ಮತ್ತು ಸಹಿ ಎದ್ದು ಕಂಡವು. ಪುಟವೊಂದಕ್ಕೆ 145 ಕೆಬಿ ಇದ್ದದ್ದು 85ಕ್ಕೆ ಇಳಿಯಿತು.

ಅಂದು ಸಂಜೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳ ಮಡಿಲಲ್ಲಿ ಮೂಲ ಕಾಗದಗಳು, ನನ್ನೆದುರು ಪರದೆ. ಅವಳು ಪ್ರತಿ ಪುಟದ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ತಾರೀಖುಗಳನ್ನು ಗಟ್ಟಿಯಾಗಿ ಓದುವುದು, ನಾನು ಪರದೆಯಲ್ಲಿ ನೋಡಿ ಹೂಂ ಎನ್ನುವುದು. ಹಳೆಯ ಕನ್ನಡ ಅಂಕಿಗಳನ್ನು ಅವಳು ತಡವರಿಸದೆ ಓದುತ್ತಾಳೆ, ನನಗೆ ಇಂದಿಗೂ ೭ ಕಂಡರೆ ಒಂದು ಕ್ಷಣ ಬೇಕು. ಪಾಲುಪಟ್ಟಿಯ ಒಂಬತ್ತನೆಯ ಹಾಳೆಗೆ ಬಂದಾಗ ಅವಳು ನಿಲ್ಲಿಸಿದಳು.

"ಅಂಚಿನಲ್ಲಿ ಅಪ್ಪಯ್ಯ ಬರೆದದ್ದು ನಿನ್ನ ಪರದೆಯಲ್ಲಿ ಇದೆಯೇ?"

"ಅಂಚಿನಲ್ಲಿ ಏನೂ ಇಲ್ಲವಲ್ಲ ಅಮ್ಮ."

ಅವಳು ಹಾಳೆಯನ್ನು ನನ್ನತ್ತ ಚಾಚಿದಳು. ಎಡ ಅಂಚಿನಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುವಷ್ಟು ತಿಳಿಯಾಗಿ, ಪೆನ್ಸಿಲ್‌ನಲ್ಲಿ 'ಖರಾಬು ೪ ಗುಂಟೆ ಬಿಟ್ಟು' ಎಂದಿತ್ತು. ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ಜೊತೆಗೆ ಬಾವಿಯ ಕಡೆಗೆ ಒಂದು ಬಾಣದ ಗುರುತು. ಹಿನ್ನೆಲೆಯನ್ನು ಬಿಳಿ ಮಾಡಿದಾಗ ಅದೂ ಬಿಳಿಯಾಗಿಹೋಗಿತ್ತು. ಕಾಗದದ ಕೊಳೆಗೂ ಅಜ್ಜನ ಪೆನ್ಸಿಲ್‌ಗೂ ಯಂತ್ರ ಭೇದ ಕಾಣಲಿಲ್ಲ. ಅಮ್ಮ ಜೊತೆಗೆ ಕೂರದಿದ್ದರೆ ನಾನೂ ಕಾಣುತ್ತಿರಲಿಲ್ಲ, ಏಕೆಂದರೆ ಅಲ್ಲೊಂದು ಬರಹವಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಆ ನಾಲ್ಕು ಗುಂಟೆಗೆ ದಾವೆಯಲ್ಲಿ ಬೆಲೆ ಇದೆಯೋ ಇಲ್ಲವೋ ಹೇಳಬೇಕಾದವರು ವಕೀಲರು. ನಾನು ಅದನ್ನು ಅಳಿಸಿ ಕಳುಹಿಸುವಂತಿಲ್ಲ.

31 ಹಾಳೆಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಇನ್ನೊಂದರಲ್ಲಿಯೂ ಪೆನ್ಸಿಲ್ ಬರಹ ಸಿಕ್ಕಿತು. ಆ ಎರಡು ಪುಟಗಳನ್ನು ಬಿಳುಪಾಗಿಸದೆ, ಬಣ್ಣ ಕೆಡಿಸದೆ, ಪುಟಕ್ಕೆ 220 ಕೆಬಿ ಕೊಟ್ಟು ಹಾಗೆಯೇ ಇಟ್ಟೆ. ಅವು ಹೆಚ್ಚು ತಿಂದದ್ದು ಕಾಲು ಎಂಬಿ. ಎಲ್ಲ ಸೇರಿ 6.5 ಎಂಬಿ ಆಯಿತು. 1.37ರಿಂದ ಗುಣಿಸಿದರೆ 8.9. ಮೊದಲು ಫೈಲ್‌ನ ಗಾತ್ರವಾಗಿದ್ದ ಅಂಕಿ ಈಗ ಇಮೇಲ್‌ನ ಗಾತ್ರವಾಗಿ ಬಂದು ಕುಳಿತಿತ್ತು.

ಕಳುಹಿಸುವ ಮುನ್ನ ಪೇಟೆಗೆ ಹೋಗಿ ನಾಲ್ಕು ಪುಟಗಳನ್ನು ಮುದ್ರಿಸಿಕೊಂಡು ಬಂದೆ. ಧ ಇರುವ ಪುಟ, 2.18 ಇರುವ ಪಹಣಿ, ನೇರಳೆ ಮೊಹರು, ಒಂದು ಟಿಪ್ಪಣಿ. ಗುಮಾಸ್ತರು ಓದುವುದು ಕಾಗದದ ಮೇಲಾದ್ದರಿಂದ ಪರದೆಯನ್ನಷ್ಟೇ ನಂಬುವಂತಿರಲಿಲ್ಲ. ನಾಲ್ಕೂ ಚೆನ್ನಾಗಿದ್ದವು. ಇಮೇಲ್ ಹೋಯಿತು, ಹಿಂದಕ್ಕೆ ಬರಲಿಲ್ಲ. ತಲುಪಿತೆಂದು ಗುಮಾಸ್ತರು ಸಂಜೆ ಫೋನ್ ಮಾಡಿದರು. 212 ಎಂಬಿಯ ಮೂಲ ಸ್ಕ್ಯಾನ್ ಎರಡು ಪೆನ್‌ಡ್ರೈವ್‌ಗಳಲ್ಲಿ ಬೇರೆ ಬೇರೆ ಮನೆಗಳಲ್ಲಿದೆ. ಕುಗ್ಗಿಸಿದ ಪ್ರತಿ ಬಂತೆಂದು ಮೂಲವನ್ನು ಯಾರೂ ಅಳಿಸಬಾರದು.

ವರ್ಡ್ ಫೈಲ್‌ನದು ಸಣ್ಣ ಕೆಲಸ

ವಕೀಲರು ಕೇಳಿದ್ದ ಘಟನಾವಳಿಯನ್ನು ವರ್ಡ್‌ನಲ್ಲಿ ಬರೆದು, ಬದು, ಬಾವಿ, ಗಡಿಕಲ್ಲುಗಳ 14 ಮೊಬೈಲ್ ಫೋಟೊ ಸೇರಿಸಿದ್ದೆ. ಅದು 49 ಎಂಬಿ ಆಗಿತ್ತು. ಇದಕ್ಕೆ ಹೊರಗಿನ ಸಲಕರಣೆ ಬೇಡ. ವರ್ಡ್‌ನಲ್ಲೇ ಚಿತ್ರದ ಮೇಲೆ ಒತ್ತಿದಾಗ ಮೇಲೆ ಬರುವ ಸಾಲಿನಲ್ಲಿ 'ಕಂಪ್ರೆಸ್ ಪಿಕ್ಚರ್ಸ್' ಇದೆ. ಈ ಚಿತ್ರಕ್ಕೆ ಮಾತ್ರ ಎಂಬ ಗುರುತನ್ನು ತೆಗೆದು, 150 ಆರಿಸಿ ಉಳಿಸಿದರೆ 2.1 ಎಂಬಿ ಆಯಿತು. ಅಲ್ಲೇ ಕತ್ತರಿಸಿದ ಭಾಗಗಳನ್ನು ಅಳಿಸು ಎಂಬ ಗುರುತನ್ನು ಹಾಕುವುದು ಮುಖ್ಯ. ವರ್ಡ್‌ನಲ್ಲಿ ಫೋಟೊ ಕತ್ತರಿಸಿದರೆ ಕತ್ತರಿಸಿದ್ದು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಫೈಲ್‌ನೊಳಗೆ ಇದ್ದೇ ಇರುತ್ತದೆ. ನನ್ನ ಒಂದು ಫೋಟೊದ ಕತ್ತರಿಸಿದ ಅಂಚಿನಲ್ಲಿ ಪಕ್ಕದ ಮನೆಯ ಮಕ್ಕಳಿದ್ದರು. ದಾವೆಯ ಕಡತದಲ್ಲಿ ಅವರಿರಬೇಕಾಗಿಲ್ಲ.

ಎರಡನೆಯ ಕಟ್ಟು

ಹೋದ ವಾರ ದೊಡ್ಡ ಮಾವನ ಮನೆಯಲ್ಲಿ ಇನ್ನೂ 41 ಹಾಳೆ ಸಿಕ್ಕಿದವು. ಈ ಸಲ ಅಂಗಡಿಗೆ ಹೋಗುವ ಮೊದಲೇ ಹಾಳೆಗಳನ್ನು ಮೂರು ಕಟ್ಟು ಮಾಡಿಕೊಂಡು ಹೋದೆ. ಅಚ್ಚಿನವಕ್ಕೆ ಬೂದು ಬಣ್ಣದಲ್ಲಿ 300, ಮೊಹರಿನವಕ್ಕೆ ಬಣ್ಣದಲ್ಲಿ 200, ನಕ್ಷೆಗೆ ಬಣ್ಣದಲ್ಲಿ 300 ಎಂದು ಹೇಳಿದೆ. ಕಪ್ಪು ಬಿಳುಪು ಮಾಡುವ ಕೆಲಸವನ್ನು ಯಂತ್ರಕ್ಕೆ ಬಿಡದೆ ಮನೆಯಲ್ಲೇ ಮಾಡುವ ಉದ್ದೇಶದಿಂದ ಬೂದು ಕೇಳಿದ್ದು. ಪೆನ್ಸಿಲ್ ಬರಹವಿದ್ದ ಹಾಳೆಗಳಿಗೆ ಅಮ್ಮ ಮೊದಲೇ ಚೀಟಿ ಸಿಕ್ಕಿಸಿ ಕೊಟ್ಟಿದ್ದಳು. ಅಂಗಡಿಯಿಂದ ಬಂದಾಗಲೇ ಒಟ್ಟು 24 ಎಂಬಿ ಇತ್ತು, ಒಂದು ಸಂಜೆಯಲ್ಲಿ 2.6ಕ್ಕೆ ಇಳಿಯಿತು.

ಅದರಲ್ಲಿ ಒಂದು ಹಾಳೆ ಮಾತ್ರ ಬಗ್ಗಿಲ್ಲ. ಕಡು ನೀಲಿಯ ಮೇಲೆ ಬಿಳಿ ಗೆರೆಗಳಿರುವ ಹಳೆಯ ನಕ್ಷೆಯದು. ನೀಲಿ ಒಂದೊಂದು ಕಡೆ ಒಂದೊಂದು ರೀತಿ ಮಾಸಿದೆ. 16 ಬಣ್ಣಕ್ಕೆ ಇಳಿಸಿದರೆ ಗಡಿಯ ಗೆರೆಯೂ ಮಾಸಿದ ಕಲೆಯೂ ಒಂದೇ ಬಣ್ಣವಾಗುತ್ತವೆ. ಬಣ್ಣ ತಿರುವುಮುರುವು ಮಾಡಿ, ಸ್ಕ್ಯಾನ್‌ಟೇಲರ್‌ನಲ್ಲಿ ಭಾಗ ಭಾಗಕ್ಕೆ ಬೇರೆ ಗಡಿ ಹಾಕಿ ನೋಡಿದೆ, ಕೆರೆಯ ಏರಿಯ ಹತ್ತಿರ ಎರಡು ಗೆರೆ ಸೇರಿಹೋದವು. ಸದ್ಯಕ್ಕೆ ಆ ಒಂದೇ ಪುಟವನ್ನು 300 ಡಿಪಿಐ ಬಣ್ಣದಲ್ಲಿ, 1.9 ಎಂಬಿಯಲ್ಲಿ, ಪ್ರತ್ಯೇಕ ಇಮೇಲ್‌ನಲ್ಲಿ ಕಳುಹಿಸಿದ್ದೇನೆ.